ಕ್ಯಾಮೆರಾಕ್ಕೆ ಬಂದ ಬೂಷ್ಟು

ಹೋದ ವರ್ಷ ಆಗಸ್ಟಿನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗೋಣವೆಂದು ಅಪ್ಪನ ಹಳೇ ಕ್ಯಾಮೆರಾ ಹೊರಗೆ ತೆಗೆದೆ. ಜಯನಗರದ ನಮ್ಮ ಮನೆಯಲ್ಲಿ ಅದು ವರ್ಷಗಟ್ಟಲೆ ಬೀರುವಿನ ಮೂಲೆಯಲ್ಲಿ, ಚರ್ಮದ ಚೀಲದೊಳಗೆ, ಅಮ್ಮನ ಸೀರೆಗಳ ಹಿಂದೆ ಮಲಗಿತ್ತು. ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆ! ಊದಿದೆ, ಒರೆಸಿದೆ. ಊಹೂಂ. ಬಲೆ ಇದ್ದದ್ದು ಗಾಜಿನ ಒಳಮಗ್ಗುಲಲ್ಲಿ.

ಅದು ಜೇಡನ ಕೆಲಸ ಅಲ್ಲ ಮಕ್ಕಳೇ, ಬೂಷ್ಟು. ಒದ್ದೆ ಚಮಚ ಅದ್ದಿದ ಉಪ್ಪಿನಕಾಯಿಯ ಮೇಲೆ, ಮರೆತುಬಿಟ್ಟ ಬ್ರೆಡ್ಡಿನ ಮೇಲೆ ಬರುತ್ತದಲ್ಲ, ಅದೇ ಬಳಗ. ಅದರ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನೀವು ಇದನ್ನು ಓದುತ್ತಿರುವ ಕೋಣೆಯ ಗಾಳಿಯಲ್ಲೂ ತೇಲುತ್ತಿವೆ. ಕತ್ತಲೆ, ಅಲುಗದ ಗಾಳಿ, ತೇವ, ಇಷ್ಟು ಸಿಕ್ಕರೆ ಸಾಕು, ಬೇರು ಬಿಟ್ಟಂತೆ ಎಳೆ ಬಿಡುತ್ತವೆ. ನಮ್ಮ ಬೀರು ಅವಕ್ಕೆ ಅರಮನೆ. ಚರ್ಮದ ಚೀಲವಂತೂ ತೇವ ಹಿಡಿದಿಡುತ್ತದೆ, ತಾನೇ ತಿಂಡಿಯೂ ಆಗುತ್ತದೆ.

ಗಾಜಿನಲ್ಲಿ ತಿನ್ನುವುದಕ್ಕೆ ಏನಿದೆ? ಗಾಜನ್ನು ಅದು ತಿನ್ನುವುದಿಲ್ಲ. ನಮ್ಮ ಬೆರಳಿನ ಜಿಡ್ಡು, ಒಳಗೆ ಸೇರಿದ ದೂಳು, ಇವೇ ಅದರ ಊಟ. ಆದರೆ ತಿನ್ನುತ್ತಾ ತಿನ್ನುತ್ತಾ ಸಣ್ಣಗೆ ಹುಳಿ ರಸ ಬಿಡುತ್ತದೆ, ಅಂದರೆ ಆಮ್ಲ. ಅದು ಲೆನ್ಸಿನ ಮೇಲಿನ ತೆಳು ಲೇಪವನ್ನೂ ಕೊನೆಗೆ ಗಾಜನ್ನೂ ಕೊರೆಯುತ್ತದೆ.

ಇಂಥದ್ದೇ ಆಟವನ್ನು ನೀವು ಲಾಲ್‌ಬಾಗಿನಲ್ಲೇ ನೋಡಬಹುದು. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಬೂದು, ಹಸಿರು ಬಣ್ಣದ ಕಲೆಗಳಿರುತ್ತವೆ. ಅವು ಕಲ್ಲುಹೂವುಗಳು. ಒಂದು ಶಿಲೀಂಧ್ರ, ಒಂದು ಪಾಚಿ ಕೂಡಿ ಮಾಡಿದ ಸಂಸಾರ. ಮಸಾಲೆಗೆ ಹಾಕುವ ಕಲ್ಲುಹೂವೂ ಇದೇ ಜಾತಿಯದು. ಇವೂ ಆಮ್ಲ ಬಿಟ್ಟು ಬಂಡೆಯನ್ನು ಇಷ್ಟಿಷ್ಟೇ ಸವೆಸುತ್ತವೆ. ಬಂಡೆಯನ್ನೇ ಬಿಡದವರ ನೆಂಟರು ಲೆನ್ಸನ್ನು ಬಿಟ್ಟಾರೆಯೇ?

ಬೆಂಗಳೂರೇನು ಮಂಗಳೂರಲ್ಲ, ಇಲ್ಲಿ ಅಷ್ಟು ತೇವ ಎಲ್ಲಿದೆ ಅಂತ ನಾನೂ ಅಂದುಕೊಂಡಿದ್ದೆ. ಮಾರ್ಚಿನಲ್ಲಿ ಅದು ಸರಿ, ತಾರಸಿಯ ಮೇಲೆ ಹಾಕಿದ ಯೂನಿಫಾರ್ಮು ಮಧ್ಯಾಹ್ನದೊಳಗೆ ಗರಿಗರಿ. ಆಗಸ್ಟಿನಲ್ಲಿ? ಎರಡು ದಿನ ಕಳೆದರೂ ಕಾಲುಚೀಲ ಒಣಗುವುದಿಲ್ಲ, ಉಪ್ಪಿನ ಡಬ್ಬಿ ಬೆವರುತ್ತದೆ. ಗಾಳಿ ಹಿಡಿಯಬಲ್ಲ ನೀರಾವಿಯನ್ನು 100 ಎಂದುಕೊಂಡರೆ, ಆಗ ಬೆಳಗಿನ ಹೊತ್ತು 80 ದಾಟಿರುವುದು ಮಾಮೂಲು. 60ಕ್ಕಿಂತ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ. ಕ್ಯಾಮೆರಾಕ್ಕೆ ಹಿತವಾದದ್ದು 40ರಿಂದ 50. ತೀರಾ ಒಣಗಿಸಿದರೂ ಒಳಗಿನ ರಬ್ಬರು, ಎಣ್ಣೆ ಕೆಡಬಹುದು.

ಇನ್ನು ಈ ತೇವವನ್ನು ಹೀರುವ ಉಪಾಯ, ಅಂದರೆ ಹೊಸ ಶೂ ಡಬ್ಬಿಯಲ್ಲಿ ಸಿಗುವ ಪುಟ್ಟ ಪೊಟ್ಟಣದ ವಿಷಯ. ತಿನ್ನಬಾರದು ಎಂದು ಬರೆದಿರುತ್ತದಲ್ಲ, ಅದೇ. ಒಳಗಿರುವುದು ಸಿಲಿಕಾ ಜೆಲ್. ಮರಳು, ಲಾಲ್‌ಬಾಗ್ ಬಂಡೆಯಲ್ಲಿ ಮಿನುಗುವ ಬೆಣಚುಕಲ್ಲು, ಲೆನ್ಸಿನ ಗಾಜು, ಇವುಗಳಲ್ಲಿರುವ ಸಿಲಿಕಾವೇ ಇದೂ. ಮುಖ್ಯ ವ್ಯತ್ಯಾಸ: ಈ ಹರಳಿನ ತುಂಬ ಲೆಕ್ಕವಿಲ್ಲದಷ್ಟು ತೂತು. ಒಂದೇ ಒಂದು ಗ್ರಾಮಿನೊಳಗಿನ ತೂತುಗಳ ಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು 700 ಚದರ ಮೀಟರ್. ನಮ್ಮೂರಿನ ಲೆಕ್ಕದಲ್ಲಿ 30–40 ಅಡಿಯ ಆರು ಸೈಟು! ಸ್ಪಂಜು ನೀರು ಕುಡಿದರೆ ಉಬ್ಬುತ್ತದೆ, ಇದು ಉಬ್ಬುವುದಿಲ್ಲ. ಆ ಗೋಡೆಗಳಿಗೆ ನೀರಿನ ಕಣಗಳನ್ನು ಅಂಟಿಸಿಕೊಳ್ಳುತ್ತದೆ, ಅಷ್ಟೇ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹಿಡಿಯಬಲ್ಲದು.

ಕಿತ್ತಳೆ ಬಣ್ಣದ ಹರಳೂ ಸಿಗುತ್ತದೆ, ಹೊಟ್ಟೆ ತುಂಬಿದಾಗ ಅದು ಸಾಮಾನ್ಯವಾಗಿ ಹಸಿರಾಗುತ್ತದೆ. ದೊಡ್ಡವರು ಅದನ್ನು ಓವನ್ನಿನಲ್ಲಿ 120 ಡಿಗ್ರಿಯ ಹತ್ತಿರ ಒಂದೆರಡು ಗಂಟೆ ಬಿಸಿ ಮಾಡಿದರೆ ನೀರು ಬಿಟ್ಟುಕೊಟ್ಟು ಮತ್ತೆ ಕಿತ್ತಳೆ. ನೀಲಿ ಹರಳಿನ ಸಹವಾಸ ಬೇಡ, ಅದರಲ್ಲಿ ಕೋಬಾಲ್ಟಿನ ವಿಷವಿದೆ. ಕ್ಯಾಮೆರಾವನ್ನು ಅಕ್ಕಿಯಲ್ಲಿ ಹೂತಿಡಿ ಎನ್ನುವವರ ಮಾತನ್ನೂ ಕೇಳಬೇಡಿ. ಅಕ್ಕಿಯ ಹುಡಿ ಲೆನ್ಸಿನ ಸಂದಿಗೆ ಹೋದರೆ ಬೂಷ್ಟಿಗೆ ನಾವೇ ಎಲೆ ಹಾಕಿ ಬಡಿಸಿದಂತೆ.

ಪೊಟ್ಟಣ ತೇವ ಹೀರುತ್ತದೆಂದು ನಂಬಿಕೆ ಬಾರದಿದ್ದರೆ ಒಂದು ಮಳೆಗಾಲದ ದಿನ ಎರಡು ಕರಿದ ಹಪ್ಪಳ ಕೇಳಿ ತೆಗೆದುಕೊಳ್ಳಿ. ಒಂದನ್ನು ಪೊಟ್ಟಣದ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಇನ್ನೊಂದನ್ನು ಹಾಗೇ ತಟ್ಟೆಯಲ್ಲಿ ಬಿಡಿ. ಮಾರನೇ ದಿನ ಎರಡನ್ನೂ ಮುರಿದು ಸದ್ದು ಕೇಳಿ. ತಿನ್ನುವುದಕ್ಕಲ್ಲ, ಕೇಳುವುದಕ್ಕೆ ಮಾತ್ರ.

ಅಪ್ಪನ ಲೆನ್ಸನ್ನು ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟರು. ಎಳೆಗಳು ಹೋದವು. ಅವು ಕೊರೆದ ಗೆರೆ ಹೋಗಲಿಲ್ಲ, ಬಿಸಿಲಿಗೆ ಎದುರಾಗಿ ತೆಗೆದ ಫೋಟೊದಲ್ಲಿ ಮಂಜು ಕವಿದ ಹಾಗೆ ಕಾಣುತ್ತದೆ. ಈಗ ಭಾನುವಾರಕ್ಕೊಮ್ಮೆ ಕ್ಯಾಮೆರಾ ಹೊರಗೆ ತೆಗೆದು ಗಾಳಿ, ಬೆಳಕು ಕಾಣಿಸಿ, ಒಂದೆರಡು ಫೋಟೊ ಹೊಡೆದು ಒಳಗಿಡುತ್ತೇನೆ. ಒಳಗೆಂದರೆ ಬೀರುವಿಗಲ್ಲ, ಪೊಟ್ಟಣದ ಜೊತೆ ರಬ್ಬರ್ ಅಂಚಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ. ಒಂದೇ ತೊಂದರೆ. ಆ ಡಬ್ಬಿ ಅಡುಗೆಮನೆಯದು, ಗೋಕುಲಾಷ್ಟಮಿ ಹತ್ತಿರ ಬಂತು, ಚಕ್ಕುಲಿ ತುಂಬಬೇಕು ಕೊಡು ಅಂತ ಅಮ್ಮ ದಿನಾ ಕೇಳುತ್ತಿದ್ದಾರೆ.