ತಿಳಿದಿಲ್ಲ ಎನ್ನುವ ಧೈರ್ಯ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ ಹಿರಿಯರು, "ಸಾಫ್ಟ್‌ವೇರ್ ಅಂದ್ರ ಏನ್ ಮಾಡ್ತೀಯೋ ತಮ್ಮಾ?" ಎಂದು ಕೇಳುತ್ತಾರೆ. ಇವತ್ತು ಅದನ್ನೇ ಹೇಳುತ್ತೇನೆ.

ನಮ್ಮ ಚಿಗರಿ ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ತೋರಿಸುವ ಫಲಕವಿದೆಯಲ್ಲ, ಅಂಥವುಗಳ ಹಿಂದೆ ಒಂದು ಸಣ್ಣ ಕಂಪ್ಯೂಟರ್ ಇರುತ್ತದೆ. ಹೀಗೆ ಯಂತ್ರದೊಳಗೆ ಅಡಗಿ ಕೂತ ಕಂಪ್ಯೂಟರಿಗೆ ಎಂಬೆಡೆಡ್ ಸಿಸ್ಟಮ್ ಎನ್ನುತ್ತಾರೆ. ಅದನ್ನು ನಡೆಸಲು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬೇಕು. ನಾನು ಬಳಸುವುದು ಝೆಫಿರ್. 2016ರಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಆರಂಭವಾದ ಇದನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು, ತಿದ್ದಬಹುದು.

ಇದಕ್ಕೆ ವೈಫೈ ಮಾಡ್ಯೂಲ್ ಜೋಡಿಸಿದರೆ ಸಾಲದು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಬೇಕಲ್ಲ? ನಡುವೆ ನಿಲ್ಲುವ ದುಭಾಷಿಯೇ ಡ್ರೈವರ್. ಬಸ್ ಓಡಿಸುವ ಡ್ರೈವರ್ ಅಲ್ಲ, ಒಂದು ಪ್ರೋಗ್ರಾಮ್. ನಮ್ಮ ಬೋರ್ಡಿನ ಮೆಮೊರಿ ಬರೀ 256 ಕಿಲೋಬೈಟ್. 8 ಜಿಬಿ ಮೊಬೈಲಿನಲ್ಲಿ ಅದರ 32 ಸಾವಿರ ಪಟ್ಟು ಇರುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಸಂಸಾರ ಮಾಡಬೇಕು.

ಕೆಲವು ವರ್ಷಗಳ ಹಿಂದೆ ನನಗೆ ಬಂದ ಕೆಲಸ, ಲಸಿಕೆ ಇಡುವ ಫ್ರಿಜ್ಜಿನ ಉಷ್ಣತೆಯನ್ನು ವೈಫೈ ಮೂಲಕ ಕಳಿಸುವ ಸಾಧನ. ಸಾಮಾನ್ಯವಾಗಿ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಹೆಚ್ಚುಕಡಿಮೆಯಾದರೆ ಮಗುವಿಗೆ ಸೂಜಿ ಚುಚ್ಚಿದ್ದೇ ಬಂತು, ಲಸಿಕೆಯ ಗುಣ ಉಳಿಯದೆ ಹೋಗಿರಬಹುದು.

ಡ್ರೈವರ್ ಬರೆದೆ. ಹಗಲೆಲ್ಲ ಚೆನ್ನಾಗಿ ನಡೆಯಿತು. ಆದರೆ ಎರಡು ಮೂರು ರಾತ್ರಿಗೊಮ್ಮೆ ಸಾಧನ ಸುಮ್ಮನಾಗಿಬಿಡುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಕಾರಣ ತಿಳಿಯಲಿಲ್ಲ. ಗಂಟೆಗೊಮ್ಮೆ ತಾನೇ ರೀಸ್ಟಾರ್ಟ್ ಆಗುವಂತೆ ಮಾಡಿ, ಸಭೆಯಲ್ಲಿ "ಮುಗಿಯಿತು" ಎಂದು ಹೇಳಿಬಿಟ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಗಣಿತದ ಗುರುಗಳು ನೆನಪಾದರು. ಗಂಟೆ ಬಾರಿಸಿದರೂ ಅವರು ಹೊರಡುತ್ತಿರಲಿಲ್ಲ. ಹಿಂದಿನ ಬೆಂಚಿನ ಕಡೆ ನೋಡಿ, "ಇನ್ನ ಯಾರಿಗರೆ ತಿಳಿದಿಲ್ಲೇನು? ತಿಳಿದಿಲ್ಲ ಅಂದ್ರ ಬೈಯೂದಿಲ್ಲ, ತಿಳದದ ಅಂತ ಸುಳ್ಳ ಹೇಳಿದ್ರ ಬೈತೀನಿ" ಎನ್ನುತ್ತಿದ್ದರು. ಮರುದಿನ ಮ್ಯಾನೇಜರರ ಬಳಿ ಹೋಗಿ, "ಸರ್, ದೋಷ ಮುಚ್ಚಿದ್ದೇನೆ, ಕಾರಣ ನನಗೆ ತಿಳಿದಿಲ್ಲ" ಎಂದೆ. ಅವರ ಮುಖ ಗಂಟಾಯಿತು. ಆದರೂ ಎರಡು ವಾರ ಸಮಯ ಕೊಟ್ಟರು.

ತಂತಿಗಳ ಸಂಕೇತವನ್ನು ಗೆರೆಯಾಗಿ ತೋರಿಸುವ ಉಪಕರಣ ಹಚ್ಚಿ ಕೂತೆ. ಒಂಬತ್ತನೆಯ ದಿನ ಸಿಕ್ಕಿತು. ಶಾಲೆಯ ಗೇಟಿನ ಕಾವಲುಗಾರನನ್ನು ನೆನೆಸಿಕೊಳ್ಳಿ. ಗಂಟೆ ಕೇಳಿದರೆ ಗೇಟು ತೆರೆದು ಒಬ್ಬರನ್ನು ಒಳಗೆ ಬಿಟ್ಟು ಮುಚ್ಚುತ್ತಾನೆ. ಅಷ್ಟರಲ್ಲಿ ಇನ್ನೊಬ್ಬರು ಬಂದು ನಿಂತಿದ್ದರೆ? ಅವನು ಹೊಸ ಗಂಟೆಗೆ ಕಾಯುತ್ತಾನೆ, ಅವರು ಗೇಟಿಗೆ ಕಾಯುತ್ತಾರೆ. ಇಬ್ಬರೂ ಕಾಯುತ್ತಲೇ ಇರುತ್ತಾರೆ. ನನ್ನ ಡ್ರೈವರ್ ಒಂದು ಸಂದೇಶ ಓದುತ್ತಿರುವಾಗಲೇ ಇನ್ನೊಂದು ಬಂದರೆ ಹೀಗೆಯೇ ಆಗುತ್ತಿತ್ತು. ಮಲಗುವ ಮುನ್ನ ಇನ್ನೊಮ್ಮೆ ಹೊರಗೆ ಇಣುಕಿ ನೋಡು ಎಂಬ ನಾಲ್ಕು ಸಾಲು ಸೇರಿಸಿದೆ. ರೀಸ್ಟಾರ್ಟ್ ಮಾಡುವ ಉಪಾಯವನ್ನು ತೆಗೆದುಹಾಕಿದೆ. ಸಾಧನ ಮತ್ತೆ ನಿಲ್ಲಲಿಲ್ಲ.

ಮಕ್ಕಳೇ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದೆಲ್ಲ ಆಗುತ್ತದೆಯೇ ಎಂದು ಅಂಜಬೇಡಿ. ಬಿ.ಇ. ಮೊದಲ ವರ್ಷ ಇಂಗ್ಲಿಷ್ ಪಾಠ ಅರ್ಥವಾಗದೆ ನಾನೂ ಅತ್ತಿದ್ದೇನೆ. ಭಾಷೆ ಕಲಿಯಬಹುದು. ತಿಳಿಯದ್ದನ್ನು ತಿಳಿದಿಲ್ಲ ಎನ್ನುವ ರೂಢಿಯನ್ನು ಮಾತ್ರ ಈಗಲೇ ಬೆಳೆಸಿಕೊಳ್ಳಿ. ಶಿಕ್ಷಕ ಬಂಧುಗಳೇ, ಪಾಠ ಮುಗಿಸಿ ಹೊರಡುವ ಮುನ್ನ ದಯವಿಟ್ಟು ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿ. ನಾನು ಕೂರುತ್ತಿದ್ದುದು ಅಲ್ಲೇ.