ಹಿಡಿಯುವವರ ಕಡೆಯಿಂದ ಕಬಡ್ಡಿ



ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮಳೆಗಾಲ ಮುಗಿದು ಗದ್ದೆ ಕೊಯ್ಲಾದ ಮೇಲೆ ಹೊನಲು ಬೆಳಕಿನಲ್ಲಿ ಕಬಡ್ಡಿ ಪಂದ್ಯಗಳು ನಡೆಯುವುದನ್ನು ನೀವು ನೋಡಿರುತ್ತೀರಿ. ಅಂಥ ಒಂದು ಪಂದ್ಯದ ಚಿತ್ರೀಕರಣಕ್ಕೆ ಹೋಗಿದ್ದಾಗ ನಾನೊಂದು ತಪ್ಪು ಮಾಡಿದೆ. ಎರಡು ಕ್ಯಾಮರಾಗಳನ್ನೂ ದಾಳಿಗಾರನ ಬೆನ್ನಿಗೇ ಹಚ್ಚಿದೆ. ಸಂಕಲನಕ್ಕೆ ಕುಳಿತಾಗ ತಿಳಿಯಿತು: ಆತ ಸಿಕ್ಕಿಬಿದ್ದ ದೃಶ್ಯವೇನೋ ಇದೆ, ಹೇಗೆ ಸಿಕ್ಕಿಬಿದ್ದ ಎಂಬುದು ಚೌಕಟ್ಟಿನ ಹೊರಗೇ ಉಳಿದಿದೆ. ಇಂದು ಆ ಹೊರಗುಳಿದ ಭಾಗದ ಬಗ್ಗೆ ಮಾತಾಡೋಣ.

ಮೊದಲು ಅಂಕಣದ ಲೆಕ್ಕ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಎರಡೂ ಬದಿಯ ಒಂದೊಂದು ಮೀಟರ್ ಲಾಬಿ ಬಿಟ್ಟರೆ ಒಂದು ತಂಡ ಕಾಯಬೇಕಾದ ಜಾಗ 52 ಚದರ ಮೀಟರ್. ಏಳು ಜನರಿದ್ದಾಗ ತಲಾ ಸುಮಾರು ಏಳೂವರೆ ಚದರ ಮೀಟರ್ ಬರುತ್ತದೆ. ಮೂವರೇ ಉಳಿದರೆ ಹದಿನೇಳಕ್ಕೂ ಹೆಚ್ಚು! 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನಲ್ಲಿ ಅಂಕಣದಲ್ಲಿ ಮೂವರು ಅಥವಾ ಇನ್ನೂ ಕಡಿಮೆ ಜನ ಉಳಿದಿರುವಾಗ ಹಿಡಿದರೆ 'ಸೂಪರ್ ಟ್ಯಾಕಲ್' ಎಂದು ಎರಡು ಅಂಕ ಕೊಡುತ್ತಾರೆ. ಕಷ್ಟಕ್ಕೆ ತಕ್ಕ ಬೆಲೆ ಎನ್ನಬಹುದು.

ಇನ್ನು ದೂರದ ಲೆಕ್ಕ. ನಡುಗೆರೆಯಿಂದ 3.75 ಮೀಟರ್ ಒಳಗೆ ಬಾಕ್ ಲೈನ್ ಇದೆ. ದಾಳಿಗಾರ ಯಾರನ್ನೂ ಮುಟ್ಟದೆ ಮರಳುವುದಾದರೂ ಒಮ್ಮೆ ಅದನ್ನು ದಾಟಲೇಬೇಕು, ಇಲ್ಲದಿದ್ದರೆ ಔಟ್. ಅದರಿಂದ ಒಂದು ಮೀಟರ್ ಆಚೆ ಬೋನಸ್ ಗೆರೆ. ಅವನು ಒಳಗೆ ಬಂದಷ್ಟೂ ಮರಳುವ ದಾರಿ ಉದ್ದವಾಗುತ್ತದೆ. ಆದ್ದರಿಂದ ಜಾಣ ತಂಡ ಮುನ್ನುಗ್ಗುವುದಿಲ್ಲ, ಹಿಂದೆ ಸರಿದು ಅವನನ್ನು ಒಳಗೆ ಬರಗೊಡುತ್ತದೆ.

ಆದರೆ ಕಾಯುವುದಕ್ಕೂ ಮಿತಿಯಿದೆ. ಕಣ್ಣು ಕಂಡದ್ದಕ್ಕೆ ನಮ್ಮ ದೇಹ ಪ್ರತಿಕ್ರಿಯೆ ತೋರಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯ ಬೇಕು. ದಾಳಿಗಾರ ಸೆಕೆಂಡಿಗೆ 5 ಮೀಟರ್ ವೇಗದಲ್ಲಿದ್ದರೆ ಅಷ್ಟರಲ್ಲಿ ಒಂದು ಮೀಟರ್ ಸರಿದಿರುತ್ತಾನೆ. ಒಳ್ಳೆಯ ಹಿಡಿತಗಾರ ಅವನ ಕೈಯನ್ನಲ್ಲ, ಸೊಂಟವನ್ನು ನೋಡುತ್ತಾನೆ. ಕೈ ಮೋಸ ಮಾಡಬಹುದು, ದೇಹದ ಭಾರ ಹೊತ್ತ ಸೊಂಟ ಅಷ್ಟು ಸುಲಭವಾಗಿ ಸುಳ್ಳು ಹೇಳಲಾರದು.

ಹಾಗಿದ್ದರೂ ಒಬ್ಬನಿಂದ ಆಗುವ ಕೆಲಸ ಇದಲ್ಲ. ನಮ್ಮ ಕರಾವಳಿಯ ಕೈರಂಪಣಿ ಬಲೆಯನ್ನು ನೆನಪಿಸಿಕೊಳ್ಳಿ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಜನ ಒಟ್ಟಿಗೆ ಎಳೆಯುತ್ತಾರೆ. ಒಂದು ಬದಿಯವರು ಅವಸರಪಟ್ಟರೆ ಮೀನು ತಪ್ಪಿಸಿಕೊಳ್ಳುತ್ತದೆ. ಕಬಡ್ಡಿಯ ಸರಪಳಿಯೂ ಹಾಗೆಯೇ. ಮೂಲೆಯಲ್ಲಿರುವ ಕಾರ್ನರ್ ಆಟಗಾರ ಕಣಕಾಲಿಗೋ ತೊಡೆಗೋ ಕೈ ಹಾಕಿದ ಕ್ಷಣದಲ್ಲೇ ಕವರ್ ಆಟಗಾರ ಮರಳುವ ದಾರಿ ಮುಚ್ಚಬೇಕು. ಅವನು ಅರೆಕ್ಷಣ ತಡಮಾಡಿದರೆ ಒಂದು ಅಂಕ ಬರುವ ಬದಲು ಎದುರಾಳಿಗೇ ಅಂಕ ಹೋಗುತ್ತದೆ, ಕಾಲು ಹಿಡಿದವನು ಹೊರಗೆ ಕೂರುತ್ತಾನೆ.

ಇದೇ ಪ್ರಶ್ನೆ ಅಮೆರಿಕನ್ ಫುಟ್‌ಬಾಲ್‌ನಲ್ಲೂ ಇದೆ. ಅಲ್ಲಿ ಸುಮಾರು 91 ಮೀಟರ್ ಉದ್ದ, 49 ಮೀಟರ್ ಅಗಲದ ಮೈದಾನವನ್ನು ಹನ್ನೊಂದು ಜನ ಕಾಯಬೇಕು. ಎದುರಾಳಿಯೊಬ್ಬನ ಬೆನ್ನು ಹತ್ತುವುದೇ, ನನ್ನ ಪಾಲಿನ ಜಾಗ ಕಾಯುವುದೇ? ಹಿಂಬದಿಯ ಇಬ್ಬರು ಆಟಗಾರರು ಮೈದಾನದ ಆಳವನ್ನು ಅರ್ಧರ್ಧ ಹಂಚಿಕೊಳ್ಳುವ ಕ್ರಮಕ್ಕೆ ಅವರು 'ಕವರ್ ಟು' ಎನ್ನುತ್ತಾರೆ. ಪಕ್ಕದವನು ತನ್ನ ಪಾಲು ಕಾಯುತ್ತಾನೆಂಬ ನಂಬಿಕೆಯ ಮೇಲೆಯೇ ಅದು ನಿಂತಿದೆ.

ರಕ್ಷಣೆಯ ಬೆಲೆ ನಮಗೆ ಕಹಿಯಾಗಿಯೇ ತಿಳಿಯಿತು. 1990ರಿಂದ ಏಷ್ಯನ್ ಕ್ರೀಡಾಕೂಟದಲ್ಲಿ ಸತತ ಏಳು ಚಿನ್ನ ಗೆದ್ದಿದ್ದ ಭಾರತದ ಪುರುಷರ ತಂಡ 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್‌ಗೆ 18–27ರಿಂದ ಸೋತಿತು. ನಮಗೆ ಸಿಕ್ಕಿದ್ದು ಬರೀ 18 ಅಂಕ. ಚಿನ್ನ ಮರಳಿ ಬಂದದ್ದು 2023ರಲ್ಲಿ, ಹಾಂಗ್‌ಝೌನಲ್ಲಿ.

ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಈ ಅಳತೆಗಳನ್ನು ನೀವೇ ಪರೀಕ್ಷಿಸಿ. ಮುಂದಿನ ಪಂದ್ಯ ನೋಡುವಾಗ ಒಂದೇ ಒಂದು ದಾಳಿಯಲ್ಲಾದರೂ ದಾಳಿಗಾರನನ್ನು ಬಿಟ್ಟು ಉಳಿದ ಏಳು ಜನರನ್ನು ನೋಡಿ. ಸುತ್ತಲಿನವರು "ಹಿಡಿ ಮಾರಾಯಾ!" ಎಂದು ಕೂಗುವ ಮೊದಲೇ, ಹಿಡಿಯಬೇಕೋ ಬೇಡವೋ ಎಂಬುದನ್ನು ಅವರು ತೀರ್ಮಾನಿಸಿರುತ್ತಾರೆ. ನನ್ನ ಕ್ಯಾಮರಾ ತಪ್ಪಿಸಿಕೊಂಡದ್ದು ಆ ತೀರ್ಮಾನವನ್ನು. ನಿಮ್ಮ ಕಣ್ಣು ತಪ್ಪಿಸಿಕೊಳ್ಳದಿರಲಿ.