ಗ್ಯಾಲ್-4ರ ಬಾಯಿಗೆ ಅಡ್ಡ ಕೈ

ಬೇಕರಿಯಲ್ಲಿ ಬನ್ನು ಉಬ್ಬಿಸುವ ಯೀಸ್ಟ್ ಗೊತ್ತಲ್ಲ? ಎಷ್ಟೋ ವರ್ಷದಿಂದ ನನ್ನ ತಲೆ ತಿಂದಿರುವುದು ಅದೇ. ಗ್ಲೂಕೋಸ್ ಸಿಗುತ್ತಿರುವವರೆಗೆ ಅದು ಬೇರೆ ಸಕ್ಕರೆಯ ಕಡೆ ತಿರುಗಿಯೂ ನೋಡುವುದಿಲ್ಲ. ಗ್ಲೂಕೋಸ್ ಮುಗಿದು, ಹಾಲಿನ ಸಕ್ಕರೆಯ ಅರ್ಧ ಪಾಲಾದ ಗ್ಯಾಲಕ್ಟೋಸ್ ಒಂದೇ ಎದುರಿಗಿದ್ದರೆ ನೋಡಿ, ಅದನ್ನು ಅರಗಿಸುವ ಜೀನ್‌ಗಳು ಸಾವಿರ ಪಟ್ಟು ಜೋರಾಗಿ ಕೆಲಸಕ್ಕಿಳಿಯುತ್ತವೆ. ಸ್ವಿಚ್ ಒತ್ತುವವರು ಯಾರು?

ಸುಳಿವು ಹಿಡಿದವರು ಅಮೆರಿಕದ ಸಿಯಾಟಲ್‌ನ ಹೋವರ್ಡ್ ಡಗ್ಲಸ್ ಮತ್ತು ಡೊನಾಲ್ಡ್ ಹಾಥಾರ್ನ್. 1960ರ ದಶಕ ಅದು. ಡಿಎನ್‌ಎ ಓದುವ ಯಂತ್ರ ಇನ್ನೂ ಹುಟ್ಟಿರಲಿಲ್ಲ. ಗ್ಯಾಲಕ್ಟೋಸ್ ಅರಗಿಸಲಾಗದ ಕೆಟ್ಟ ಯೀಸ್ಟನ್ನು ಒಳ್ಳೆಯದರ ಜೊತೆ ಕೂಡಿಸುವುದು, ಮರಿಗಳಲ್ಲಿ ಗ್ಯಾಲಕ್ಟೋಸ್ ತಿನ್ನುವವು ಎಷ್ಟು ಎಂದು ಎಣಿಸುವುದು, ಇಷ್ಟೇ. ಅಷ್ಟರಲ್ಲೇ ಗ್ಯಾಲ್-4 ಎಂಬ ಪ್ರೋಟೀನ್ ಆ ಜೀನ್‌ಗಳನ್ನು ಚಾಲೂ ಮಾಡುತ್ತದೆ, ಗ್ಯಾಲ್-80 ಎಂಬ ಇನ್ನೊಂದು ತಡೆಯುತ್ತದೆ ಎಂದು ಲೆಕ್ಕ ಹಾಕಿಬಿಟ್ಟರು. ಇವತ್ತು ಅವರ ಹೆಸರು ಎತ್ತುವವರು ಕಡಿಮೆ. ನನಗಂತೂ ಇದು ಹೊಟ್ಟೆ ಉರಿಸುವ ಸಂಗತಿ.

1978ರಲ್ಲಿ ಜಪಾನಿನ ಯಾಸುಜಿ ಓಶಿಮಾ ಅವರ ಗುಂಪು ಇನ್ನೊಂದು ಗಂಟು ಬಿಚ್ಚಿತು: ಗ್ಯಾಲಕ್ಟೋಸ್ ಇರಲಿ ಬಿಡಲಿ, ಗ್ಯಾಲ್-4 ಯಾವಾಗಲೂ ತಯಾರಾಗಿಯೇ ಇರುತ್ತದಂತೆ! ಹಾಗಾದರೆ ಸುಮ್ಮನಿರುವುದೇಕೆ? ಸಭೆಯಲ್ಲಿ ಮಾತಾಡಲು ಎದ್ದವನ ಬಾಯಿಗೆ ಪಕ್ಕದವನು ಅಡ್ಡ ಕೈ ಇಟ್ಟರೆ ಹೇಗೋ ಹಾಗೆ. ಗ್ಯಾಲ್-4 ತನ್ನ ತಲೆಯಿಂದ ಡಿಎನ್‌ಎಯ 17 ಅಕ್ಷರಗಳ ಜಾಗ ಹಿಡಿದು ಕೂತಿರುತ್ತದೆ. ಬಾಲದಿಂದ ಕೋಶದೊಳಗಿನ ಜೀನ್ ಓದುವ ಯಂತ್ರವನ್ನು ಕರೆಯಬೇಕು. ಆ ಬಾಲವನ್ನು ಗ್ಯಾಲ್-80 ಮುಚ್ಚಿರುತ್ತದೆ. ಗ್ಯಾಲಕ್ಟೋಸ್ ಬಂದಾಗ ಗ್ಯಾಲ್-3 ಎಂಬ ಮೂರನೆಯದು ಗ್ಯಾಲ್-80ನ್ನು ಹಿಡಿದುಕೊಳ್ಳುತ್ತದೆ, ಬಾಲ ಬಿಡುಗಡೆಯಾಗುತ್ತದೆ.

ತಲೆ ಬೇರೆ, ಬಾಲ ಬೇರೆ ಎಂದು ಗೊತ್ತಾದದ್ದು ಹಾರ್ವರ್ಡ್‌ನ ಮಾರ್ಕ್ ಟಾಶ್ನೆ ಅವರ ಪ್ರಯೋಗಾಲಯದಲ್ಲಿ. 1985ರಲ್ಲಿ ಅವರೂ ರೋಜರ್ ಬ್ರೆಂಟ್ ಅವರೂ ಒಂದು ತುಂಟ ಕೆಲಸ ಮಾಡಿದರು. ಗ್ಯಾಲ್-4ರ ತಲೆ ಕತ್ತರಿಸಿ, ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾದ ಲೆಕ್ಸ್-ಎ ಪ್ರೋಟೀನಿನ ತಲೆಯನ್ನು ಅಲ್ಲಿ ಅಂಟಿಸಿದರು. ಯೀಸ್ಟಿನ ಜೀನ್ ಪಕ್ಕದಲ್ಲಿ, ಆ ಹೊಸ ತಲೆ ಹಿಡಿಯುವ ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕನ್ನೂ ಸೇರಿಸಿದರು. ಜೀನ್ ಹೊತ್ತಿಕೊಂಡಿತು! ತಲೆ ವಿಳಾಸ ಹುಡುಕುತ್ತದೆ, ಬಾಲ ಕೂಗಿ ಕರೆಯುತ್ತದೆ, ಒಂದಕ್ಕೊಂದು ಸಂಬಂಧಿಕರಾಗಿರಬೇಕೆಂದೇನಿಲ್ಲ. ಇದನ್ನು ಮೊದಲ ಸಲ ಓದಿದಾಗ ಕಾಫಿ ಆರಿದ್ದೇ ನನಗೆ ತಿಳಿಯಲಿಲ್ಲ.

ಆಮೇಲಿನದು ಬೇಗ ಹೇಳುತ್ತೇನೆ. 1988ರ ಒಂದೇ ವರ್ಷದಲ್ಲಿ ಗ್ಯಾಲ್-4 ಸಸ್ತನಿಗಳ ಕೋಶದಲ್ಲಿ, ಹಣ್ಣಿನ ನೊಣದಲ್ಲಿ, ಹೊಗೆಸೊಪ್ಪಿನ ಗಿಡದಲ್ಲಿ ಕೆಲಸ ಮಾಡಿ ತೋರಿಸಿತು. ಮರುವರ್ಷ ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಓಕ್-ಕ್ಯೂ ಸಾಂಗ್ ಅದರ ತಲೆ ಬಾಲಗಳನ್ನು ಬೇರೆ ಮಾಡಿ, ತಲೆಗೊಂದು ಪ್ರೋಟೀನ್, ಬಾಲಕ್ಕೊಂದು ಪ್ರೋಟೀನ್ ಕಟ್ಟಿ, ಅವೆರಡೂ ಕೈ ಹಿಡಿದರೆ ಮಾತ್ರ ಜೀನ್ ಹೊತ್ತಿಕೊಳ್ಳುವ ಹಾಗೆ ಮಾಡಿದರು. ಯಾವ ಪ್ರೋಟೀನಿಗೆ ಯಾರ ಸ್ನೇಹ ಎಂದು ಪತ್ತೆ ಹಚ್ಚಲು ಯೀಸ್ಟೇ ಗೂಢಚಾರ! 1993ರಲ್ಲಿ ಆಂಡ್ರಿಯಾ ಬ್ರಾಂಡ್ ಮತ್ತು ನಾರ್ಬರ್ಟ್ ಪೆರಿಮಾನ್ ನೊಣದ ದೇಹದಲ್ಲಿ ಬೇಕಾದ ಕಡೆ ಬೇಕಾದ ಜೀನ್ ಹೊತ್ತಿಸಲು ಗ್ಯಾಲ್-4ನ್ನೇ ಪಳಗಿಸಿದರು.

ಬಾಯಿ ಮುಚ್ಚಿಸುವ ಗ್ಯಾಲ್-80ಕ್ಕೂ ನೊಣದಲ್ಲಿ ಕೆಲಸ ಸಿಕ್ಕಿತು. ಬಿಸಿ ತಾಗಿದರೆ ಕೈಬಿಡುವ ಒಂದು ರೂಪ ಅದಕ್ಕಿದೆ. ಬೆಂಗಳೂರಿನ ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರದಲ್ಲಿ ನೊಣ ಸಾಕುವವರಿಗೆ ಇದು ದಿನನಿತ್ಯದ ಮಾತು. ಹತ್ತಿಯ ಬಿರಡೆ ಹಾಕಿದ ಸೀಸೆಗಳು 18 ಡಿಗ್ರಿಯ ಪೆಟ್ಟಿಗೆಯಲ್ಲಿದ್ದಷ್ಟು ಹೊತ್ತು ಗ್ಯಾಲ್-4 ಮೌನ. ಅವನ್ನು 29 ಡಿಗ್ರಿಯ ಪೆಟ್ಟಿಗೆಗೆ ಬದಲಾಯಿಸಿ ಬಾಗಿಲು ಹಾಕಿದರೆ, ಸ್ವಲ್ಪ ಹೊತ್ತಿಗೆ ನೊಣದ ಮಿದುಳಿನೊಳಗೆ ಯೀಸ್ಟಿನ ಆ ಹಳೆಯ ಜೋಡಿ ಕೈಬಿಡುತ್ತದೆ, ಅಲ್ಲಿ ಒಂದು ಹನಿ ಗ್ಯಾಲಕ್ಟೋಸೂ ಬೇಕಾಗುವುದಿಲ್ಲ.